ಒಂದೇ ರೂಪ, ಬೇರೆ ಬೇರೆ ಸಂಖ್ಯೆ: ಅರಬ್ಬಿ ಲಿಪಿಯ ‘ಯೇ’ ಅಕ್ಷರವೂ ವರ್ತಕರ ದಾಖಲೆಗಳೂ

ಹಸಿ ದ್ರಾಕ್ಷಿ ಮತ್ತು ಒಣದ್ರಾಕ್ಷಿ ಒಂದೇ ಬಳ್ಳಿಯ ಫಲಗಳು. ಆದರೆ ತೆರಿಗೆಯ ಕಡತದಲ್ಲಿ ಅವು ಎರಡು ಬೇರೆ ಸರಕುಗಳು. ಮೊದಲನೆಯದರ ಎಚ್‌ಎಸ್‌ಎನ್ ಸಂಖ್ಯೆ 0806 10, ಎರಡನೆಯದರದು 0806 20. ಬೀಜಕದಲ್ಲಿ ಸಂಖ್ಯೆ ತಪ್ಪಿದರೆ, ಸರಕಿನ ಹೆಸರನ್ನು ಎಷ್ಟೇ ಸ್ಪಷ್ಟವಾಗಿ ಬರೆದಿದ್ದರೂ ಗಣಕಯಂತ್ರವು ಅದನ್ನು ಬೇರೊಂದು ಸರಕೆಂದೇ ಎಣಿಸುತ್ತದೆ. ಈ ಸಂಗತಿ ಇಂದು ಪ್ರತಿಯೊಬ್ಬ ವರ್ತಕನಿಗೂ ತಿಳಿದಿದೆ. ಆದರೆ ಆ ಹೆಸರನ್ನು ಬರೆಯಲು ಬಳಸಿದ ಒಂದೊಂದು ಅಕ್ಷರಕ್ಕೂ ಗಣಕದೊಳಗೆ ಇಂತಹದೇ ಒಂದು ಸಂಖ್ಯೆ ಇದೆ, ಮತ್ತು ಅಲ್ಲಿಯೂ ಸಂಖ್ಯೆ ತಪ್ಪುವ ಸಂಭವವಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಅರಬ್ಬಿ ಲಿಪಿಯ ‘ಯೇ’ ಎಂಬ ಅಕ್ಷರ ಇದಕ್ಕೆ ಉತ್ತಮ ನಿದರ್ಶನ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಈ ವಿಷಯ ಎರಡು ಕಾರಣಗಳಿಂದ ಮುಖ್ಯವಾಗಿದೆ. ಮೊದಲನೆಯದು ರಫ್ತು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2025ರಲ್ಲಿ ಆ ಹೆಸರಿನಲ್ಲಿಯೇ ಲಿಂಬೆಯು ಸಂಯುಕ್ತ ಅರಬ್ ಒಕ್ಕೂಟಕ್ಕೆ ರಫ್ತಾಯಿತು. ಕೊಲ್ಲಿ ಸಹಕಾರ ಮಂಡಳಿಯ ದೇಶಗಳಲ್ಲಿ, ಪೊಟ್ಟಣ ಕಟ್ಟಿದ ಆಹಾರ ಪದಾರ್ಥದ ಮೇಲಿನ ವಿವರಗಳು ಅರಬ್ಬಿ ಭಾಷೆಯಲ್ಲಿರಬೇಕೆಂಬುದು ಜಿಎಸ್‌ಒ 9 ಎಂಬ ಮಾನಕದ ನಿಯಮ. ಒಣದ್ರಾಕ್ಷಿ, ಉಪ್ಪಿನಕಾಯಿ, ಬೇಳೆ, ಮಸಾಲೆ ಪುಡಿ, ಇವುಗಳಲ್ಲಿ ಯಾವುದನ್ನು ಪೊಟ್ಟಣದಲ್ಲಿ ಕಳುಹಿಸಬೇಕಾದರೂ ಅರಬ್ಬಿ ಚೀಟಿ ಅನಿವಾರ್ಯ.

ಎರಡನೆಯದು ಈ ಪ್ರದೇಶದ ಭಾಷಾ ಪರಂಪರೆ. ಆದಿಲ್‌ಶಾಹಿಗಳ ಕಾಲದಿಂದಲೂ ಇಲ್ಲಿ ಅರಬ್ಬಿ ಮೂಲದ ಲಿಪಿ ಬಳಕೆಯಲ್ಲಿದೆ. ಮೊದಲನೆಯ ಇಬ್ರಾಹಿಂ ಆದಿಲ್‌ಶಾಹನು ಸರಕಾರಿ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ಬದಲಿಸಿದನೆಂದು ಇತಿಹಾಸಕಾರ ಫರಿಷ್ತಾ ದಾಖಲಿಸಿದ್ದಾನೆ. ಲೆಕ್ಕದ ಭಾಷೆ ಯಾವುದಿರಬೇಕೆಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಇಂದಿಗೂ ಇಲ್ಲಿ ಉರ್ದು ಬಲ್ಲ ವರ್ತಕರಿದ್ದಾರೆ. ಅಂಗಡಿಯ ಫಲಕ, ಮದುವೆಯ ಆಮಂತ್ರಣ, ಸಂಘದ ಸದಸ್ಯರ ಪಟ್ಟಿ ಉರ್ದುವಿನಲ್ಲಿ ಸಿದ್ಧವಾಗುತ್ತವೆ. ಹೀಗಾಗಿ ಅರಬ್ಬಿ ಚೀಟಿ ಬೇಕಾದಾಗ ಉರ್ದು ಬಲ್ಲ ಅಕ್ಷರ ಜೋಡಣೆಗಾರನ ಬಳಿಗೆ ಹೋಗುವುದು ಸಹಜ. ಲಿಪಿ ಒಂದೇ ಅಲ್ಲವೇ ಎಂಬ ಭಾವನೆ ಇದರ ಹಿಂದಿದೆ. ತೊಡಕು ಹುಟ್ಟುವುದು ಇಲ್ಲಿಯೇ.

ಗಣಕಕ್ಕೆ ತಿಳಿಯುವುದು ಸಂಖ್ಯೆ ಮಾತ್ರ

ಗಣಕಯಂತ್ರವು ಅಕ್ಷರವನ್ನು ಚಿತ್ರವಾಗಿ ನೆನಪಿಡುವುದಿಲ್ಲ, ಸಂಖ್ಯೆಯಾಗಿ ನೆನಪಿಡುತ್ತದೆ. ಹಿಂದೆ ಒಂದೊಂದು ತಂತ್ರಾಂಶವೂ ತನ್ನದೇ ಸಂಖ್ಯೆಗಳನ್ನು ಬಳಸುತ್ತಿತ್ತು. ನುಡಿ, ಬರಹ ಮುಂತಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಪತ್ರವನ್ನು ಬೇರೊಂದು ಗಣಕದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡ ಅನುಭವ ಅನೇಕ ವರ್ತಕರಿಗೆ ಇದೆ. ಪತ್ರ ಕೆಟ್ಟಿರಲಿಲ್ಲ, ಸಂಖ್ಯೆಗಳನ್ನು ಓದುವ ಕ್ರಮ ಎರಡು ಕಡೆ ಬೇರೆಯಾಗಿತ್ತು, ಅಷ್ಟೇ.

ಈ ಗೊಂದಲವನ್ನು ನೀಗಲು ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯಾಕ್ರಮವನ್ನು ಗೊತ್ತುಪಡಿಸಿದ ವ್ಯವಸ್ಥೆಯೇ ಯೂನಿಕೋಡ್. ಇದರ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಇದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳು ಮೀಸಲಾಗಿವೆ. ‘ಕ’ ಅಕ್ಷರದ ಸಂಖ್ಯೆ 3221. ಅರಬ್ಬಿ ಲಿಪಿಯ ಮುಖ್ಯ ವಿಭಾಗ 1536ರಿಂದ 1791ರವರೆಗೆ ಇದೆ. ತಾಂತ್ರಿಕ ಗ್ರಂಥಗಳಲ್ಲಿ ಈ ಸಂಖ್ಯೆಗಳನ್ನು ಹದಿನಾರರ ಗಣನೆಯಲ್ಲಿ ಬರೆಯುವುದು ವಾಡಿಕೆ. ವರ್ತಕರಿಗೆ ಪರಿಚಿತವಾದ ಹತ್ತರ ಗಣನೆಯ ಸಂಖ್ಯೆಗಳನ್ನೇ ಇಲ್ಲಿ ಕೊಡಲಾಗಿದೆ.

ಅರಬ್ಬಿ ಲಿಪಿಗೆ ಒಂದು ವಿಶೇಷ ಗುಣವಿದೆ. ಅದನ್ನು ಬಲದಿಂದ ಎಡಕ್ಕೆ ಬರೆಯುವುದಲ್ಲದೆ ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿಯೂ ಬರೆಯಲಾಗುತ್ತದೆ. ಆದುದರಿಂದ ಹೆಚ್ಚಿನ ಅಕ್ಷರಗಳಿಗೆ ಪದದ ಆದಿ, ಮಧ್ಯ, ಅಂತ್ಯ ಹಾಗೂ ಬಿಡಿಯಾಗಿ ನಿಂತಾಗ ಹೀಗೆ ನಾಲ್ಕು ರೂಪಗಳು. ಯೂನಿಕೋಡ್‌ನ ನಿಯಮದಂತೆ ಈ ನಾಲ್ಕಕ್ಕೂ ಸಂಖ್ಯೆ ಒಂದೇ. ಸ್ಥಾನಕ್ಕೆ ತಕ್ಕ ರೂಪವನ್ನು ಆರಿಸುವುದು ಅಕ್ಷರಶೈಲಿ ಮತ್ತು ತಂತ್ರಾಂಶದ ಕೆಲಸ. ಅಂದರೆ ಒಂದು ಸಂಖ್ಯೆಗೆ ಹಲವು ರೂಪ. ಇದರ ವಿರುದ್ಧದ ಸ್ಥಿತಿ, ಅಂದರೆ ಒಂದು ರೂಪಕ್ಕೆ ಹಲವು ಸಂಖ್ಯೆ, ‘ಯೇ’ ಅಕ್ಷರದಲ್ಲಿ ಕಾಣಸಿಗುತ್ತದೆ.

ಮೂರು ಸಂಖ್ಯೆಗಳ ‘ಯೇ’

ಅರಬ್ಬಿ ಭಾಷೆಯ ‘ಯೇ’ ಅಕ್ಷರಕ್ಕೆ 1610 ಎಂಬ ಸಂಖ್ಯೆ. ಇದು ಪದದ ಯಾವ ಸ್ಥಾನದಲ್ಲಿದ್ದರೂ ಕೆಳಗೆ ಎರಡು ಚುಕ್ಕೆಗಳಿರುತ್ತವೆ. ಪಾರಸಿ ಮತ್ತು ಉರ್ದು ಭಾಷೆಗಳ ‘ಯೇ’ಗೆ 1740. ಇದಕ್ಕೆ ಪದದ ಆದಿಯಲ್ಲಿಯೂ ಮಧ್ಯದಲ್ಲಿಯೂ ಎರಡು ಚುಕ್ಕೆಗಳಿರುತ್ತವೆ. ಅಂತ್ಯದಲ್ಲಿ ಮತ್ತು ಬಿಡಿಯಾಗಿ ನಿಂತಾಗ ಚುಕ್ಕೆಗಳಿರುವುದಿಲ್ಲ. ಮೂರನೆಯದು ‘ಅಲಿಫ್ ಮಕ್ಸೂರಾ’ ಎಂಬ ಅಕ್ಷರ, ಸಂಖ್ಯೆ 1609. ಆಕಾರದಲ್ಲಿ ಇದೂ ‘ಯೇ’ಯಂತೆಯೇ ಇದ್ದು ಎಂದಿಗೂ ಚುಕ್ಕೆ ಪಡೆಯುವುದಿಲ್ಲ, ಅರಬ್ಬಿಯಲ್ಲಿ ಪದಾಂತ್ಯದ ದೀರ್ಘ ‘ಆ’ಕಾರವನ್ನು ಸೂಚಿಸುತ್ತದೆ. ಉರ್ದುವಿನ ‘ಬಡೀ ಯೇ’, ಸಂಖ್ಯೆ 1746, ರೂಪದಲ್ಲಿಯೇ ಭಿನ್ನವಾದುದರಿಂದ ಅದು ಈ ಗೊಂದಲಕ್ಕೆ ಸೇರುವುದಿಲ್ಲ.

ಇದರ ಪರಿಣಾಮವನ್ನು ಗಮನಿಸಬೇಕು. ಪದದ ಮಧ್ಯದಲ್ಲಿ 1610 ಮತ್ತು 1740 ಕಣ್ಣಿಗೆ ಒಂದೇ. ಪದದ ಅಂತ್ಯದಲ್ಲಿ 1740 ಮತ್ತು 1609 ಕಣ್ಣಿಗೆ ಒಂದೇ. ಆದರೆ ಗಣಕಕ್ಕೆ ಇವು ಮೂರೂ ಎಂದೆಂದಿಗೂ ಬೇರೆ ಬೇರೆ.

ಈ ಬೇರ್ಪಡೆಗೆ ಕಾರಣವಿದೆ. ಪದಾಂತ್ಯದಲ್ಲಿ ಅರಬ್ಬಿಯವರಿಗೆ ಚುಕ್ಕೆ ಬೇಕು, ಉರ್ದುವಿನವರಿಗೆ ಬೇಡ. ಒಂದೇ ಸಂಖ್ಯೆಯಿದ್ದರೆ ಯಾವ ರೂಪ ತೋರಿಸಬೇಕೆಂದು ಗಣಕಕ್ಕೆ ತಿಳಿಯದು. ಆದರೆ ಬಳಕೆಯಲ್ಲಿ ಬೆರಕೆಯಾಯಿತು. ಯೂನಿಕೋಡ್ ವ್ಯಾಪಕವಾಗುವ ಮುನ್ನ ವಿಂಡೋಸ್ ಗಣಕಗಳಲ್ಲಿ ಅರಬ್ಬಿ ಲಿಪಿಗಾಗಿ ‘1256’ ಎಂಬ ಸಂಕೇತಪಟ್ಟಿ ಬಳಕೆಯಲ್ಲಿತ್ತು. ಅದರಲ್ಲಿ ಉರ್ದುವಿನ ಹಲವು ವಿಶೇಷ ಅಕ್ಷರಗಳಿಗೆ ಸ್ಥಾನ ದೊರೆತರೂ ಪಾರಸಿ-ಉರ್ದು ‘ಯೇ’ಗೆ ದೊರೆಯಲಿಲ್ಲ. ಆದುದರಿಂದ ಅದನ್ನು ಬಳಸಿದವರು ಅರಬ್ಬಿ ‘ಯೇ’ಯನ್ನೇ ಒತ್ತಿದರು. ಆ ಕಾಲದ ದತ್ತಾಂಶವನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ 1610 ಹಾಗೆಯೇ ಉಳಿಯಿತು. ಹೊಸದಾಗಿ ಟಂಕಿಸಿದ ಪದಗಳಲ್ಲಿ 1740 ಬಂದಿತು. ಹಳೆಯದು ಮತ್ತು ಹೊಸದು ಒಂದೇ ಪಟ್ಟಿಯಲ್ಲಿ ಸೇರಿದಾಗ ತೊಂದರೆ ಆರಂಭ.

ಖತಾವಣಿಯಲ್ಲಿ ಎರಡಾಗುವ ಗಿರಾಕಿ

ಬಸವನ ಬಾಗೇವಾಡಿಯ ಒಂದು ಅಡತಿ ಅಂಗಡಿಯಲ್ಲಿ ಗಿರಾಕಿಗಳ ಹೆಸರನ್ನು ಉರ್ದುವಿನಲ್ಲಿಯೂ ದಾಖಲಿಸುವ ಪದ್ಧತಿಯಿದೆ ಎಂದು ಭಾವಿಸಬಹುದು. ‘ಅಲಿ’ ಎಂಬುದು ಸಾಮಾನ್ಯವಾದ ಹೆಸರು. ಅದರ ಕೊನೆಯ ಅಕ್ಷರವೇ ‘ಯೇ’. ಹಳೆಯ ಗುಮಾಸ್ತನು ಅರಬ್ಬಿ ಕೀಲಿಮಣೆಯ ವಿನ್ಯಾಸದಲ್ಲಿ 1610 ಒತ್ತಿ ಖಾತೆ ತೆರೆದಿದ್ದಾನೆ. ಹೊಸದಾಗಿ ಬಂದವನು ಉರ್ದು ವಿನ್ಯಾಸದಲ್ಲಿ 1740 ಒತ್ತಿ ಹುಡುಕುತ್ತಾನೆ. ‘ಹೆಸರು ಇಲ್ಲ’ ಎಂದು ಗಣಕ ಉತ್ತರಿಸುತ್ತದೆ. ಅವನು ಪ್ರಾಮಾಣಿಕವಾಗಿಯೇ ಹೊಸ ಖಾತೆ ತೆರೆಯುತ್ತಾನೆ.

ಮೊದಲ ಖಾತೆಯಲ್ಲಿ ಉದ್ರಿ ಬಾಕಿ 1,80,000 ರೂಪಾಯಿ. ಗಿರಾಕಿ ತಂದುಕೊಟ್ಟ 1,75,000 ರೂಪಾಯಿ ಎರಡನೆಯ ಖಾತೆಗೆ ಜಮಾ ಆಗುತ್ತದೆ. ನಿಜವಾದ ಬಾಕಿ 5,000 ರೂಪಾಯಿ. ಆದರೆ ವರ್ಷಾಂತ್ಯದಲ್ಲಿ ಬಾಕಿದಾರರ ಪಟ್ಟಿಯಲ್ಲಿ 1,80,000 ತೋರುತ್ತದೆ. ಅತ್ತ ಜಮಾದಾರರ ಪಟ್ಟಿಯಲ್ಲಿ 1,75,000 ತೋರುತ್ತದೆ. ತಾಳೆಪಟ್ಟಿ ಸರಿಹೊಂದುವುದರಿಂದ ತಪ್ಪು ಹೊರಬೀಳುವುದಿಲ್ಲ. ಬಾಕಿಯ ತಗಾದೆ ಪತ್ರ ಮಾತ್ರ ಹಣ ಕೊಟ್ಟ ಗಿರಾಕಿಯ ಮನೆಗೆ ಹೋಗುತ್ತದೆ. ತಲೆಮಾರುಗಳ ವ್ಯವಹಾರದಲ್ಲಿ ಗಳಿಸಿದ ವಿಶ್ವಾಸ ಒಂದು ಪತ್ರದಿಂದ ಕದಡುತ್ತದೆ.

ಹಾನಿ ಇಷ್ಟಕ್ಕೇ ನಿಲ್ಲುವುದಿಲ್ಲ. ಒಬ್ಬ ವ್ಯಕ್ತಿಯೊಡನೆ ವರ್ಷದಲ್ಲಿ ನಡೆದ ಒಟ್ಟು ವ್ಯವಹಾರದ ಮೇಲೆ ಮೂಲದಲ್ಲಿ ತೆರಿಗೆ ಕಡಿತದ ಮಿತಿ ನಿರ್ಧಾರವಾಗುತ್ತದೆ. ಒಂದು ದಿನದಲ್ಲಿ ಒಬ್ಬರಿಗೆ ಕೊಟ್ಟ ನಗದಿನ ಮೇಲೆ ವೆಚ್ಚದ ಮಾನ್ಯತೆ ನಿರ್ಧಾರವಾಗುತ್ತದೆ. ಖಾತೆ ಎರಡಾದರೆ ಎರಡೂ ಮಿತಿಯೊಳಗೆ ಇದ್ದಂತೆ ತೋರಿ, ಒಟ್ಟಾಗಿ ಮಿತಿ ಮೀರಿದ್ದು ಗಮನಕ್ಕೆ ಬರುವುದೇ ಇಲ್ಲ. ತಪಾಸಣೆಯ ವೇಳೆ ಇದಕ್ಕೆ ವಿವರಣೆ ನೀಡುವುದು ಸುಲಭವಲ್ಲ.

ಯೂನಿಕೋಡ್‌ನಲ್ಲಿ ‘ಸಮೀಕರಣ’ ಎಂಬ ಒಂದು ವಿಧಾನವಿದೆ. ಒಂದೇ ಅಕ್ಷರವನ್ನು ಎರಡು ಬಗೆಯಲ್ಲಿ ಬರೆದಿದ್ದರೆ ಅವೆರಡನ್ನೂ ಒಂದೇ ರೂಪಕ್ಕೆ ತರುವುದು ಅದರ ಉದ್ದೇಶ. ಆದರೆ 1610 ಮತ್ತು 1740 ಬೇರೆ ಬೇರೆ ಅಕ್ಷರಗಳೆಂದೇ ನಿಗದಿಯಾಗಿರುವುದರಿಂದ ಸಮೀಕರಣದಿಂದ ಇವು ಒಂದಾಗುವುದಿಲ್ಲ. ಕೆಲವು ಶೋಧಕ ತಂತ್ರಾಂಶಗಳು ತಾವಾಗಿಯೇ ಇವನ್ನು ಒಂದೆಂದು ಎಣಿಸುತ್ತವೆ; ಸಾಮಾನ್ಯ ಲೆಕ್ಕಪತ್ರದ ತಂತ್ರಾಂಶದಿಂದ ಅದನ್ನು ನಿರೀಕ್ಷಿಸಲಾಗದು.

ಚೀಟಿಯ ಮೇಲಿನ ಮೂರು ಪದಗಳು

ಈಗ ರಫ್ತಿನ ಚೀಟಿಯತ್ತ ಗಮನ ಹರಿಸಬಹುದು. ಸರಕಿನ ಹೆಸರು, ತೂಕ ಮತ್ತು ಮೂಲದೇಶ ಎಂಬ ಮೂರು ವಿವರಗಳು ಚೀಟಿಯಲ್ಲಿ ಮುಖ್ಯ.

ಲಿಂಬೆಗೆ ಅರಬ್ಬಿಯಲ್ಲಿ ‘ಲೈಮೂನ್’, ಒಣದ್ರಾಕ್ಷಿಗೆ ‘ಜ಼ಬೀಬ್’. ಎರಡರಲ್ಲಿಯೂ ‘ಯೇ’ ಇದೆ, ಎರಡರಲ್ಲಿಯೂ ಪದದ ಮಧ್ಯದಲ್ಲಿದೆ. ಉರ್ದು ಕೀಲಿಮಣೆಯಲ್ಲಿ ಟಂಕಿಸಿದರೂ ಮುದ್ರಿತ ಚೀಟಿಯಲ್ಲಿ ವ್ಯತ್ಯಾಸ ಕಾಣದು. ಆದರೆ ಅದೇ ಪದವನ್ನು ಕಡತದ ರೂಪದಲ್ಲಿ ಆಮದುದಾರನಿಗೆ ಕಳುಹಿಸಿ, ಅವನು ಅದನ್ನು ತನ್ನ ಸರಕಿನ ಪಟ್ಟಿಗೆ ಸೇರಿಸಿದಾಗ, 1610 ಇರುವ ಪದವನ್ನು ಹುಡುಕುವ ಗಣಕಕ್ಕೆ 1740 ಇರುವ ಪದ ಸಿಗದೆ ಹೋಗಬಹುದು.

ತೂಕದ ‘ಕಿಲೋಗ್ರಾಂ’ ಪದದಲ್ಲಿ ‘ಯೇ’ಯ ಜೊತೆಗೆ ‘ಕಾಫ್’ ಕೂಡ ಇದೆ. ಅರಬ್ಬಿ ಕಾಫ್‌ನ ಸಂಖ್ಯೆ 1603, ಉರ್ದು ಕಾಫ್‌ನದು 1705. ಪದದ ಆದಿಯಲ್ಲಿ ಇವೆರಡೂ ಒಂದೇ ಬಗೆಯಾಗಿ ಕಾಣುತ್ತವೆ. ಪದಾಂತ್ಯದಲ್ಲಿ ಅರಬ್ಬಿ ಕಾಫ್‌ನ ಒಡಲಲ್ಲಿ ಒಂದು ಚಿಕ್ಕ ಗುರುತು ಇರುತ್ತದೆ, ಉರ್ದುವಿನದರಲ್ಲಿ ಇರುವುದಿಲ್ಲ.

ಮೂಲದೇಶದ ಹೆಸರಿನಲ್ಲಿ ತೊಡಕು ಕಣ್ಣಿಗೂ ಕಾಣುತ್ತದೆ. ಭಾರತಕ್ಕೆ ಅರಬ್ಬಿಯಲ್ಲಿ ‘ಅಲ್ ಹಿಂದ್’. ಇಲ್ಲಿನ ‘ಹ’ಕಾರಕ್ಕೆ ಅರಬ್ಬಿಯಲ್ಲಿ 1607. ಉರ್ದುವಿನ ಸಾಮಾನ್ಯ ‘ಹ’ಕಾರಕ್ಕೆ 1729, ಪದದ ಮಧ್ಯದಲ್ಲಿ ಅದರ ಆಕಾರವೇ ಬೇರೆ. ಉರ್ದುವಿನಲ್ಲಿ ಖ, ಘ, ಭ ಮುಂತಾದ ಮಹಾಪ್ರಾಣಗಳಿಗೆಂದು ‘ದೋ ಚಶ್ಮೀ ಹೇ’ ಎಂಬ ಎರಡು ಕಣ್ಣಿನ ಮತ್ತೊಂದು ‘ಹ’ಕಾರ ಉಂಟು, ಅದರ ಸಂಖ್ಯೆ 1726. ಪದದ ಮಧ್ಯದಲ್ಲಿ ಅರಬ್ಬಿ ‘ಹ’ಕಾರವೂ ಎರಡು ಕುಣಿಕೆಗಳಿಂದ ಕೂಡಿರುವುದರಿಂದ, ಮಾದರಿ ಚೀಟಿಯನ್ನು ನೋಡಿ ಅಕ್ಷರ ಜೋಡಿಸುವವನು ರೂಪಸಾಮ್ಯವನ್ನು ನಂಬಿ 1726ನ್ನೇ ಆರಿಸುವ ಸಂಭವವಿದೆ. ಆಗ ಚೀಟಿ ಸರಿಯಾಗಿ ಕಾಣುತ್ತದೆ, ಕಡತದಲ್ಲಿ ದೇಶದ ಹೆಸರು ತಪ್ಪಾಗಿರುತ್ತದೆ. 1729ನ್ನು ಆರಿಸಿದರೆ ಚೀಟಿಯೂ ಅರಬ್ಬಿ ಓದುಗನಿಗೆ ಅಪರಿಚಿತವಾಗಿ ಕಾಣುತ್ತದೆ.

ಅಂಕಿಗಳಲ್ಲಿಯೂ ಎರಡು ಸಾಲುಗಳಿವೆ. ಅರಬ್ಬಿಯ ಅಂಕಿಗಳು 1632ರಿಂದ 1641. ಪಾರಸಿ ಮತ್ತು ಉರ್ದುವಿನವು 1776ರಿಂದ 1785. ಉರ್ದು ಬರಹದಲ್ಲಿ 4, 6 ಮತ್ತು 7ರ ಆಕಾರಗಳು ಅರಬ್ಬಿಗಿಂತ ಭಿನ್ನ. ಅರಬ್ಬಿಯ 6 ಇಂಗ್ಲಿಷಿನ 7ನ್ನು ಹೋಲುತ್ತದೆ. ಅರಬ್ಬಿಯ 5 ಒಂದು ಸೊನ್ನೆಯಂತೆ ಕಾಣುತ್ತದೆ, ಸೊನ್ನೆಯಾದರೋ ಬರಿಯ ಚುಕ್ಕೆ. ಲಿಪಿ ಬಲದಿಂದ ಎಡಕ್ಕೆ ಸಾಗಿದರೂ ಸಂಖ್ಯೆಯೊಳಗಿನ ಅಂಕಿಗಳು ಎಡದಿಂದ ಬಲಕ್ಕೇ ಸಾಗುತ್ತವೆ. ತಯಾರಿಕೆಯ ದಿನಾಂಕ, ಬಳಕೆಯ ಕೊನೆಯ ದಿನಾಂಕಗಳನ್ನು ಮುದ್ರಿಸುವಲ್ಲಿ ಇಷ್ಟು ಸಂಗತಿ ತಿಳಿದಿರುವುದು ಅವಶ್ಯ. ದಿನಾಂಕ ತಪ್ಪಿದ ಆಹಾರ ಪದಾರ್ಥವನ್ನು ಯಾವ ದೇಶವೂ ಸ್ವೀಕರಿಸದು.

ಮತ್ತೊಂದು ದೋಷವೂ ಉಂಟು. ಅರಬ್ಬಿ ಲಿಪಿಗೆ ಸಿದ್ಧವಿಲ್ಲದ ಹಳೆಯ ವಿನ್ಯಾಸ ತಂತ್ರಾಂಶದಲ್ಲಿ ಪದವನ್ನು ಅಂಟಿಸಿದರೆ ಅಕ್ಷರಗಳು ಬಿಡಿಬಿಡಿಯಾಗಿ, ಕ್ರಮ ತಿರುಗಿ ಬೀಳುತ್ತವೆ. ಇದನ್ನು ತಪ್ಪಿಸಲು ಕೆಲವರು ಪ್ರತಿಯೊಂದು ಸ್ಥಾನರೂಪಕ್ಕೂ ಪ್ರತ್ಯೇಕವಾಗಿರುವ ಹಳೆಯ ಸಂಖ್ಯೆಗಳನ್ನು ಬಳಸುತ್ತಾರೆ. ‘ಯೇ’ಯ ನಾಲ್ಕು ರೂಪಗಳಿಗೆ 65265ರಿಂದ 65268ರವರೆಗೆ ಇಂತಹ ಸಂಖ್ಯೆಗಳಿವೆ. ಹಿಂದಿನ ವ್ಯವಸ್ಥೆಗಳೊಡನೆ ಹೊಂದಿಕೆಗಾಗಿ ಮಾತ್ರ ಉಳಿಸಿಕೊಂಡಿರುವ ಇವನ್ನು ಹೊಸ ದಾಖಲೆಯಲ್ಲಿ ಬಳಸುವುದು ಉಚಿತವಲ್ಲ.

ಕನ್ನಡದಲ್ಲಿಯೂ ಇದೇ ಪಾಠ

ಉರ್ದು, ಅರಬ್ಬಿಗಳ ಗೊಡವೆ ತಮಗಿಲ್ಲವೆಂದು ಸಿಂದಗಿ ಅಥವಾ ಮುದ್ದೇಬಿಹಾಳದ ವರ್ತಕರೊಬ್ಬರು ಭಾವಿಸಿದರೆ ಅದು ಪೂರ್ಣ ಸರಿಯಲ್ಲ. ಕನ್ನಡದಲ್ಲಿ ‘ಅಜೀಜ್’ ಎಂಬ ಹೆಸರನ್ನು ಕೆಲವರು ಚುಕ್ಕೆಯಿಲ್ಲದ ‘ಜ’ ಬಳಸಿ, ಕೆಲವರು ‘ಜ’ದ ಕೆಳಗೆ ಚುಕ್ಕೆಯಿಟ್ಟು ಬರೆಯುತ್ತಾರೆ. ‘ಜ’ದ ಸಂಖ್ಯೆ 3228, ಕೆಳಗಿನ ಚುಕ್ಕೆಗೆ ಪ್ರತ್ಯೇಕವಾಗಿ 3260 ಎಂಬ ಸಂಖ್ಯೆ. ಚುಕ್ಕೆ ಇರುವ ಹೆಸರೂ ಇಲ್ಲದ ಹೆಸರೂ ಗಣಕಕ್ಕೆ ಎರಡು ಹೆಸರುಗಳು.

ಇದಕ್ಕಿಂತ ಸೂಕ್ಷ್ಮವಾದುದು ಕಾಣದ ಅಕ್ಷರ. ಕನ್ನಡದಲ್ಲಿ ಒತ್ತಕ್ಷರವಾಗದಂತೆ ವ್ಯಂಜನಗಳನ್ನು ಬಿಡಿಸಿ ಬರೆಯಲು 8204 ಎಂಬ ಸಂಖ್ಯೆಯ ಅದೃಶ್ಯ ಚಿಹ್ನೆಯನ್ನು ಬಳಸಲಾಗುತ್ತದೆ. ‘ಎಂಟರ್‌ಪ್ರೈಸಸ್’ ಪದದ ನಡುವೆ ಅದು ಬೇಕು. ಆದರೆ ‘ಟ್ರೇಡರ್ಸ್’ ಮುಂತಾದ ಪದಗಳ ಕೊನೆಯಲ್ಲಿಯೂ ಅದು ಅನಾವಶ್ಯಕವಾಗಿ ಉಳಿದುಬಿಡುವುದುಂಟು. ತೆರೆಯ ಮೇಲೆ ಎರಡು ‘ಟ್ರೇಡರ್ಸ್’ಗಳ ನಡುವೆ ಎಳ್ಳಷ್ಟೂ ವ್ಯತ್ಯಾಸ ಕಾಣದು, ಒಂದರ ಕೊನೆಯಲ್ಲಿ ಮಾತ್ರ 8204 ಅಡಗಿರುತ್ತದೆ. ‘ಅಲಿ’ಯ ಖಾತೆಗೆ ಒದಗಿದ ಗತಿಯೇ ಈ ಸಂಸ್ಥೆಯ ಖಾತೆಗೂ ಒದಗಬಹುದು.

ವರ್ತಕರು ಕೈಗೊಳ್ಳಬಹುದಾದ ಕ್ರಮಗಳು

1. ಗಿರಾಕಿಯನ್ನು ಗುರುತಿಸಲು ಹೆಸರನ್ನು ಅವಲಂಬಿಸಬಾರದು. 15 ಸ್ಥಾನಗಳ ಜಿಎಸ್‌ಟಿ ನೋಂದಣಿ ಸಂಖ್ಯೆ, ಅದಿಲ್ಲದಿದ್ದಲ್ಲಿ 10 ಸ್ಥಾನಗಳ ಪ್ಯಾನ್, ಅದೂ ಇಲ್ಲದಿದ್ದಲ್ಲಿ ಅಂಗಡಿಯೇ ಕೊಟ್ಟ ಖಾತೆ ಸಂಖ್ಯೆಯನ್ನು ಆಧಾರವಾಗಿ ಇಟ್ಟುಕೊಳ್ಳಬೇಕು. ಹೆಸರು ಓದಲು, ಸಂಖ್ಯೆ ಹೊಂದಿಸಲು.

2. ಅಂಗಡಿಯ ಎಲ್ಲ ಗಣಕಗಳಲ್ಲಿಯೂ ಒಂದೇ ಕೀಲಿಮಣೆ ವಿನ್ಯಾಸ ಇರಬೇಕು. ಉರ್ದು ಹೆಸರುಗಳಿಗೆ ಉರ್ದು ವಿನ್ಯಾಸ, ಅರಬ್ಬಿ ಚೀಟಿಗಳಿಗೆ ಅರಬ್ಬಿ ವಿನ್ಯಾಸ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಬಾರದು.

3. ಸಂಶಯ ಬಂದ ಅಕ್ಷರದ ಸಂಖ್ಯೆಯನ್ನು ಪರೀಕ್ಷಿಸಬೇಕು. ಎಕ್ಸೆಲ್‌ನ 2013ರ ಆವೃತ್ತಿಯಿಂದೀಚೆಗೆ ‘ಯೂನಿಕೋಡ್’ ಎಂಬ ಸೂತ್ರ ಲಭ್ಯವಿದೆ. ಅದು ಪದದ ಮೊದಲ ಅಕ್ಷರದ ಸಂಖ್ಯೆಯನ್ನು ಹತ್ತರ ಗಣನೆಯಲ್ಲಿಯೇ ತೋರಿಸುತ್ತದೆ. ‘ರೈಟ್’ ಸೂತ್ರದಿಂದ ಕೊನೆಯ ಅಕ್ಷರವನ್ನು ಬೇರ್ಪಡಿಸಿ ಇದಕ್ಕೆ ಒಪ್ಪಿಸಿದರೆ 1610 ಇದೆಯೋ 1740 ಇದೆಯೋ, ಅಥವಾ 8204 ಅಡಗಿದೆಯೋ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ.

4. ಹಳೆಯ ಉರ್ದು ಪಟ್ಟಿಯಿದ್ದಲ್ಲಿ, ಮೊದಲು ಅದರ ಪ್ರತಿಯೊಂದನ್ನು ಸುರಕ್ಷಿತವಾಗಿಟ್ಟು, ಬಳಿಕ ‘ಸಬ್‌ಸ್ಟಿಟ್ಯೂಟ್’ ಸೂತ್ರದಿಂದ 1610ನ್ನು 1740ಕ್ಕೂ 1603ನ್ನು 1705ಕ್ಕೂ ಬದಲಿಸಿ ಏಕರೂಪಕ್ಕೆ ತರಬೇಕು. ಅರಬ್ಬಿ ಪಟ್ಟಿಗೆ ಇದರ ವಿರುದ್ಧ ಕ್ರಮ. ‘ಹ’ಕಾರವನ್ನು ಮಾತ್ರ ಸಾರಾಸಗಟಾಗಿ ಬದಲಿಸಬಾರದು, ಉರ್ದುವಿನಲ್ಲಿ 1726ಕ್ಕೂ 1729ಕ್ಕೂ ಅರ್ಥಭೇದವಿರುವುದರಿಂದ ಒಂದೊಂದನ್ನೂ ಬಲ್ಲವರು ನೋಡಬೇಕು.

5. ಅರಬ್ಬಿ ಚೀಟಿಯ ಒಕ್ಕಣೆಯನ್ನು ಸಾಧ್ಯವಿದ್ದಲ್ಲಿ ಆಮದುದಾರನಿಂದಲೇ ಕಡತದ ರೂಪದಲ್ಲಿ ಪಡೆಯುವುದು ಲೇಸು. ಚಿತ್ರವನ್ನು ನೋಡಿ ಮರಳಿ ಟಂಕಿಸುವುದರಿಂದಲೇ ಬಹುಪಾಲು ದೋಷಗಳು ನುಸುಳುತ್ತವೆ. ಮುದ್ರಣಕ್ಕೆ ಮುನ್ನ ಅರಬ್ಬಿ ಓದಬಲ್ಲವರು ಕರಡನ್ನು ತಿದ್ದಬೇಕು. ಉರ್ದು ಮಾತ್ರ ಬಲ್ಲವರ ಒಪ್ಪಿಗೆ ಸಾಲದು.

6. ವರ್ಷಾಂತ್ಯದಲ್ಲಿ ಬಾಕಿದಾರರ ಮತ್ತು ಜಮಾದಾರರ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಎರಡರಲ್ಲಿಯೂ ಒಂದೇ ರೀತಿ ಕಾಣುವ ಹೆಸರುಗಳನ್ನು ಕಣ್ಣಿನಿಂದಲೇ ಹುಡುಕಬೇಕು. ಗಣಕ ಬೇರೆಯೆಂದ ಎರಡು ಹೆಸರುಗಳು ಒಂದೇ ಎಂದು ಹೇಳಬಲ್ಲವನು ಗಿರಾಕಿಯನ್ನು ಬಲ್ಲ ವರ್ತಕನೊಬ್ಬನೇ.

ಕಾಗದದ ಖತಾವಣಿಯ ಕಾಲದಲ್ಲಿ ಗುಮಾಸ್ತನು ‘ಅಲಿ’ ಎಂದು ಚುಕ್ಕೆಯಿಟ್ಟು ಬರೆದರೂ ಚುಕ್ಕೆಯಿಲ್ಲದೆ ಬರೆದರೂ ಯಜಮಾನನಿಗೆ ಯಾರ ಖಾತೆಯೆಂದು ತಿಳಿಯುತ್ತಿತ್ತು. ಗಣಕಕ್ಕೆ ಆ ಪರಿಚಯವಿಲ್ಲ. ಅದಕ್ಕೆ ಒಪ್ಪಿಸಿದ ಸಂಖ್ಯೆಯೇ ಅದರ ತಿಳಿವಳಿಕೆ. ಲಿಂಬೆಯ ಪೆಟ್ಟಿಗೆ ಕಟ್ಟುವಾಗ ಒಂದೊಂದು ಕಾಯನ್ನೂ ಆರಿಸಿ ಇಡುವಂತೆ ಅದರ ಮೇಲಿನ ಚೀಟಿಯ ಒಂದೊಂದು ಅಕ್ಷರವನ್ನೂ ಆರಿಸಿ ಇಡುವ ಅಭ್ಯಾಸವನ್ನು ವರ್ತಕರು ಬೆಳೆಸಿಕೊಂಡರೆ, ಸರಕು ತಲುಪಿದ ಊರಿನಲ್ಲಿ ಹೆಸರೂ ತಪ್ಪದೆ ತಲುಪುತ್ತದೆ.